ಮುಳ್ಳು ಎತ್ತಿದ ಜಾಗ

ಮೊನ್ನೆ ಬಂಗಾರಪೇಟೆಯ ಕೆರೆ ಏರಿಯ ಮೇಲೆ ನಡೆಯುತ್ತಿದ್ದಾಗ ಒಂದು ಜಾಲಿ ಮುಳ್ಳು ಚಪ್ಪಲಿಯನ್ನೇ ತೂರಿಕೊಂಡು ಬಂದು ಹಿಮ್ಮಡಿಗೆ ಚುಚ್ಚಿತು. ಬೈದುಕೊಳ್ಳುತ್ತಾ ಕಲ್ಲಿನ ಮೇಲೆ ಕೂತು ಕಿತ್ತೆ. ಕಿತ್ತ ಮುಳ್ಳನ್ನು ಬಿಸಾಡಿ ಎದ್ದು ಬರಬೇಕಿತ್ತು. ಅದು ಬಿಟ್ಟು ಅದನ್ನು ಎರಡು ಬೆರಳಲ್ಲಿ ಹಿಡಿದು, ಬೆಳಕಿಗೆ ಎತ್ತಿ, ಒಂದು ಕಣ್ಣು ಮುಚ್ಚಿ ತುದಿ ನೇರ ಇದೆಯೋ ಇಲ್ಲವೋ ಎಂದು ನೋಡತೊಡಗಿದ್ದೆ. ಪರವಾಗಿಲ್ಲ, ಎರಡು ಪ್ಲೇಟಿಗೆ ಬರುತ್ತದೆ ಎಂದೂ ಅಂದುಕೊಂಡೆ. ಜೊತೆಯಲ್ಲಿದ್ದ ನನ್ನ ಸೊಸೆ, "ಏನತ್ತೆ, ಮುಳ್ಳಿಗೆ ದೃಷ್ಟಿ ತೆಗೀತಿದ್ದೀರಾ?" ಎಂದು ನಕ್ಕಳು. ನನಗೆ ನಗು ಬರಲಿಲ್ಲ, ಸಿಟ್ಟು ಬಂತು. ಮುಳ್ಳಿನ ಮೇಲಲ್ಲ, ಸೊಸೆಯ ಮೇಲೂ ಅಲ್ಲ. ಹೀಗೆ ಮುಳ್ಳು ನೋಡುವುದನ್ನು ನನಗೆ ಕಲಿಸಿದ ಮನುಷ್ಯನ ಮೇಲೆ... ಆತ ಹೋಗಿ ಎಷ್ಟು ಕಾಲವಾಯಿತು, ಈ ಸಿಟ್ಟು ಮಾತ್ರ ಹೋಗಲೊಲ್ಲದು.

ಐವತ್ತರ ದಶಕದ ಕೊನೆಯ ವರ್ಷಗಳು. ಆಗ ನಾವಿದ್ದದ್ದು ಊರಿಗಾಂನ ಚಿನ್ನದ ಗಣಿಯ ಸಾಲುಮನೆಗಳ ಲೈನಿನಲ್ಲಿ. ನಮ್ಮದಕ್ಕೂ ಪಕ್ಕದ ಮನೆಗೂ ಒಂದೇ ಗೋಡೆ. ಆ ಮನೆಯಲ್ಲಿದ್ದವರು ಗಣಿಯ ಟೈಮ್ ಆಫೀಸಿನಲ್ಲಿ ಗುಮಾಸ್ತರು. ಪಾಳಿಗೆ ಇಳಿಯುವ ಕೂಲಿಗಳ ಹೆಸರು, ನಂಬರು ಕೂಗಿ ಹಾಜರಿ ಹಾಕುವುದು ಅವರ ಕೆಲಸ. ಲೈನಿನವರಿಗೆಲ್ಲ ಅವರು ಟೈಮಾಫೀಸ್ ಮಾವ. ಹೆಂಡತಿ ತೀರಿಕೊಂಡಿದ್ದರು. ಮನೆ ನೋಡಿಕೊಳ್ಳುತ್ತಿದ್ದವಳು ಒಬ್ಬಳೇ ಮಗಳು, ನನ್ನ ಓರಗೆಯ ಅಮೃತವಲ್ಲಿ.

ಆ ಹೆಸರಿನ ಮೇಲೆ ಅವಳಿಗೆ ಬಲು ಕೋಪ. ಲೈನಿನ ಹುಡುಗಿಯರೆಲ್ಲ ಗೀತಾ, ಸರಳಾ, ವಸಂತಾ ಎಂದು ಹಗುರವಾಗಿ ಓಡಾಡಿಕೊಂಡಿದ್ದರೆ ಇವಳಿಗೆ ಮಾತ್ರ ಮಾರುದ್ದದ ಹೆಸರು. "ಸತ್ತೋದ್ ಅಜ್ಜಿ ಎಸ್ರು ತಂದು ನನ್ ಕೊರಳ್ಗೆ ಕಟ್ಟವ್ರೆ" ಎಂದು ಗೊಣಗುತ್ತಿದ್ದಳು. ನಾವು ವಲ್ಲಿ ಎಂದು ಕರೆದರೆ ಅವಳಿಗೆ ಖುಷಿ. ಆದರೆ ಅದು ಮಾವನ ಕಿವಿಗೆ ಬೀಳಬಾರದು. ಬಿದ್ದರೆ ಅಷ್ಟು ಮೆತ್ತಗಿನ ಮನುಷ್ಯ ಬಾಗಿಲಿಗೆ ಬಂದು, "ಯಾರದು? ಪೂರ್ತಿ ಎಸ್ರು ಕರೀರಿ. ಬಾಯಿ ಸವ್ದೋಗಾಕಿಲ್ಲ" ಎಂದು ಗದರುತ್ತಿದ್ದರು. ಅವರೂ ದಿನಕ್ಕೆ ಹತ್ತು ಸಲ, ಕಾಫಿಗೆ, ಟವೆಲಿಗೆ, ಬಾಗಿಲು ಹಾಕುವುದಕ್ಕೆ, "ಅಮೃತವಲ್ಲೀ" ಎಂದು ಪೂರ್ತಿಯಾಗಿ ಕೂಗುತ್ತಿದ್ದರು. ಆ ಕೂಗು ಲೈನಿನ ಕೊನೆಯ ಮನೆಗೂ ಕೇಳುತ್ತಿತ್ತು.

ಅವರ ಮನೆಯಲ್ಲಿ ಕೀಲಿ ತಿರುಗಿಸುವ ಒಂದು ಗ್ರಾಮಫೋನು, ಮೂವತ್ತು ಚಿಲ್ಲರೆ ಪ್ಲೇಟುಗಳು ಇದ್ದವು. ಎಲ್ಲವೂ ಹೆಂಗಸರು ಹಾಡಿದವು, ಅದರಲ್ಲೂ ಮೈಕು ಬರುವುದಕ್ಕೆ ಮುಂಚಿನವು. ಆ ಕಾಲದಲ್ಲಿ ಹಾಡುವವರು ಒಂದು ದೊಡ್ಡ ತಗಡಿನ ಕೊಳವೆಗೆ ಮುಖ ಕೊಟ್ಟು ಗಂಟಲು ಬಿಚ್ಚಿ ಹಾಡಬೇಕಿತ್ತಂತೆ. ಆ ದನಿಯ ಬಲದಿಂದಲೇ ಮೇಣದಲ್ಲಿ ಗೆರೆ ಬೀಳಬೇಕು. ಉಕ್ಕಿನ ಮುಳ್ಳು ಹಳೇ ಪ್ಲೇಟನ್ನು ತಿಂದುಹಾಕುತ್ತದೆ ಎಂದು ಮಾವ, ಬಂಗಾರ ತೆಗೆದ ಮೇಲೆ ಉಳಿದ ಮಣ್ಣು ಸುರಿದ ಸೈನೈಡ್ ದಿಬ್ಬದ ಕಡೆಯಿಂದ ಜಾಲಿ ಮುಳ್ಳು ಆರಿಸಿ ತಂದು, ಬ್ಲೇಡಿನಲ್ಲಿ ಕತ್ತರಿಸಿ, ತುದಿ ನೋಡಿ ಡಬ್ಬಿಯಲ್ಲಿ ಇಟ್ಟುಕೊಳ್ಳುತ್ತಿದ್ದರು. ಗಣಿಯ ಆಳದಲ್ಲಿ ಏರ್‌ಬ್ಲಾಸ್ಟ್ ಆಗಿ ಬಂಡೆ ಸಿಡಿದರೆ ನಮ್ಮ ಲೈನಿನಲ್ಲಿ ಗೂಡಿನ ಪಾತ್ರೆಗಳು ಉರುಳುವುದು ಮಾಮೂಲು. ಅದಕ್ಕೆ ಹೆದರಿ ಗ್ರಾಮಫೋನನ್ನು ಮರಳು ತುಂಬಿದ ಪೆಟ್ಟಿಗೆಯ ಮೇಲೆ ಕೂರಿಸಿದ್ದರು. ಇಷ್ಟು ಉಪಚಾರವನ್ನು ಅವರು ತಮ್ಮ ಮಂಡಿನೋವಿಗೂ ಮಾಡಿಕೊಂಡವರಲ್ಲ.

ನನಗೆ ಹಾಡಿನ ಹುಚ್ಚು. ಅಪ್ಪನಿಗೆ ಅದು ಅರ್ಥವಾಗುತ್ತಿರಲಿಲ್ಲ, ಹಾಗೆಂದು ಅಡ್ಡಿಯನ್ನೂ ಮಾಡುತ್ತಿರಲಿಲ್ಲ. ಹೇಳಿಕೊಡುವವರು ಯಾರೂ ಇರಲಿಲ್ಲ. ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಮಾವನ ಮನೆಯ ಚಾಪೆಯ ಮೇಲೆ ಕೂತುಬಿಡುತ್ತಿದ್ದೆ. ಮೊದಲ ದಿನ ನನಗೆ ಕೇಳಿಸಿದ್ದು ಬರೀ ಗೊರಗೊರ, ಅದರ ಹಿಂದೆ ಎಲ್ಲೋ ಬಾವಿಯೊಳಗಿಂದ ಯಾರೋ ಕೂಗುತ್ತಿರುವ ಹಾಗೆ ಒಂದು ಕೀರಲು ದನಿ. ಪಿಟೀಲು ಸೊಳ್ಳೆಯಂತೆ. ಮೃದಂಗ ಇದೆಯೋ ಇಲ್ಲವೋ ಗೊತ್ತಾಗದು. ಇದನ್ನು ಕೇಳಿ ಈ ಮನುಷ್ಯ ಕಣ್ಣು ಒದ್ದೆ ಮಾಡಿಕೊಳ್ಳುತ್ತಾರಲ್ಲ ಎಂದು ಒಳಗೊಳಗೇ ನಗುತ್ತಿದ್ದೆ.

"ಅಮ್ಮಣ್ಣೀ, ಮೊದ್ಲು ಆ ಗೊರಗೊರಾನ ಕಿವಿಯಿಂದ ಆಚೆ ಕಳ್ಸು" ಎಂದರು ಮಾವ. "ಮನೇಗೆ ಮಂದಿ ಬಂದಾಗ ಬಾಗ್ಲಾಗೆ ಚಪ್ಲಿ ಬಿಟ್ಟಿರ್ತಾರಲ್ಲ, ನೀನು ಚಪ್ಲಿ ನೋಡ್ತೀಯೋ, ಬಂದೋರ್ನ ನೋಡ್ತೀಯೋ?"

ಮೂರನೆಯದೋ ನಾಲ್ಕನೆಯದೋ ಭಾನುವಾರ ನನಗೆ ಬಂದವರು ಕಂಡರು. ಗಂಟೆಗಟ್ಟಲೆ ಹಾಡಬಲ್ಲ ಹೆಂಗಸು ಮೂರೇ ನಿಮಿಷದಲ್ಲಿ ತನ್ನದೆಲ್ಲವನ್ನೂ ಕೊಟ್ಟು ಮುಗಿಸಬೇಕಲ್ಲ, ಆ ಅವಸರದಲ್ಲೂ ಒಂದು ಸ್ವರ ಜಾರುತ್ತಿರಲಿಲ್ಲ. ಎಲ್ಲಿ ಉಸಿರು ತೆಗೆದುಕೊಂಡಳು ಎಂಬುದೇ ತಿಳಿಯುತ್ತಿರಲಿಲ್ಲ. ಮೆಲ್ಲಗೆ ಹಾಡಿದರೆ ಗೆರೆ ಬೀಳದು, ಜೋರಾಗಿ ಹಾಡಿದರೆ ದನಿ ಒಡೆಯುತ್ತದೆ. ಅವೆರಡರ ನಡುವೆ ಇದ್ದದ್ದು ಬೆರಳಗಲದ ಜಾಗ, ಅಷ್ಟರಲ್ಲೇ ಅವರು ಓಡಾಡುತ್ತಿದ್ದರು. ಈಗಿನವರು ಮೈಕಿನ ಮುಂದೆ ಪಿಸುಗುಟ್ಟಿ ದೊಡ್ಡವರಾಗುತ್ತಾರೆ. ಇರಲಿ, ಅದು ಬೇರೆ ಸಂಕಟ.

ಆ ಪ್ಲೇಟುಗಳಲ್ಲಿ ಒಂದು ನನ್ನನ್ನು ಹಿಡಿದುಹಾಕಿತು. ಸಾವೇರಿ ರಾಗದ ಒಂದು ತೆಲುಗು ಪದ. ಬರುತ್ತೇನೆಂದವನು ಯಾಕೆ ಬರಲಿಲ್ಲ ಎಂದು ಹೆಣ್ಣೊಬ್ಬಳು ಗೆಳತಿಯನ್ನು ಕೇಳುವ ಪದ. ಅನುಪಲ್ಲವಿಯಲ್ಲಿ ದನಿ ಮೇಲಿನ ಷಡ್ಜಕ್ಕೆ ಹೋಗಿ ನಿಲ್ಲುವ ಕಡೆ ಸ್ವಲ್ಪ ದೂರ ಸರಿದಂತಾಗಿ ಮತ್ತೆ ಹತ್ತಿರ ಬರುತ್ತಿತ್ತು. "ಅಲ್ಲಿ ಅವ್ಳು ಕೊಳವೆಯಿಂದ ಮಕ ಪಕ್ಕಕ್ಕೆ ತಿರುಗಿಸ್ತಾಳೆ, ಇಂಗೆ" ಎಂದು ಮಾವ ತಮ್ಮ ಮುಖವನ್ನು ಎಡಕ್ಕೆ ಹೊರಳಿಸಿ ತೋರಿಸುತ್ತಿದ್ದರು, ಕಣ್ಣಾರೆ ನೋಡಿದವರ ಹಾಗೆ. ಬೇರೆಲ್ಲ ಪ್ಲೇಟುಗಳ ನಡುವಿನ ಕಾಗದದ ಮೇಲೆ ಹಾಡಿದವರ ಹೆಸರಿತ್ತು. ಇದರಲ್ಲಿ ಆ ಕಾಗದವೇ ಇರಲಿಲ್ಲ. ನೀರು ಬಿದ್ದು ಹೋಯಿತು ಎಂದರು. ಆದರೆ ಅಲ್ಲಿ ಬ್ಲೇಡಿನಲ್ಲಿ ಕೆರೆದ ಗೀರುಗಳು ನನ್ನ ಬೆರಳಿಗೆ ಸಿಗುತ್ತಿದ್ದವು.

ಆಂಡರ್ಸನ್‌ಪೇಟೆಯ ನನ್ನ ಸೋದರತ್ತೆಯ ಮನೆಯಲ್ಲಿ ಇಂಥದೇ ಒಂದು ಹಳೇ ಪ್ಲೇಟನ್ನು ಕೊನೆಯವರೆಗೆ ಕೇಳಿದ್ದೆ. ಹಾಡು ಮುಗಿದ ಮೇಲೆ ಆ ಹೆಂಗಸು ತನ್ನ ಹೆಸರು, ಊರು ಹೇಳಿದಳು! ಗೆರೆ ಹಾಕುವ ಬಿಳಿಯರಿಗೆ ನಮ್ಮ ಭಾಷೆ ಬಾರದು, ಯಾವ ಹಾಡು ಯಾರದ್ದೆಂದು ತಪ್ಪಿಹೋಗದಿರಲಿ ಎಂದು ಹಾಡಿದವರೇ ಕೊನೆಯಲ್ಲಿ ಹೆಸರು ಹೇಳುವ ಪದ್ಧತಿ ಇತ್ತು ಎಂದು ಅಲ್ಲಿ ತಿಳಿಯಿತು. ಹಾಗಾದರೆ ಮಾವನ ಪ್ಲೇಟುಗಳಲ್ಲೂ ಹೆಸರು ಇರಲೇಬೇಕು. ಆದರೆ ನಾನು ಒಂದನ್ನೂ ಕೇಳಿರಲಿಲ್ಲ. ಯಾಕೆಂದರೆ ಹಾಡಿನ ಕೊನೆಯ ಅಕ್ಷರ ಮುಗಿಯುತ್ತಿದ್ದಂತೆ ಮಾವ ಮುಳ್ಳು ಎತ್ತಿಬಿಡುತ್ತಿದ್ದರು. ಪ್ರತಿ ಪ್ಲೇಟಿಗೂ, ಪ್ರತಿ ಸಲವೂ. ಕಣ್ಣು ಮುಚ್ಚಿ ಕೇಳುತ್ತಿದ್ದರೂ ಕೈ ಮಾತ್ರ ಆ ಕ್ಷಣಕ್ಕೆ ಸರಿಯಾಗಿ ಮೇಲೇಳುತ್ತಿತ್ತು. ಟೈಮ್ ಆಫೀಸಿನ ಕೈ ಅಲ್ಲವೇ.

"ಮಾವ, ಇನ್ನೊಂಚೂರು ಬಿಡಿ. ಎಸ್ರು ಏಳ್ತಾರೆ."

"ಪೋದುಮಮ್ಮಾ, ಸಾಕು. ಪಾಟ ಮುಗೀತು. ಎಸ್ರು ಸಂಗೀತ ಅಲ್ಲ."

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ಹಾಗಾಯಿತು. ಹಾಡಿದವಳು ಹೇಳಲು ಸಿದ್ಧ, ನಾನು ಕೇಳಲು ಸಿದ್ಧ, ನಡುವೆ ಈ ಕೈ. ಅವರು ಕೆಲಸಕ್ಕೆ ಹೋದಾಗ ನಾನೇ ಹಾಕಿ ಕೇಳೋಣವೆಂದು ಅಮೃತವಲ್ಲಿಯನ್ನು ಪುಸಲಾಯಿಸಿದೆ. ಅವಳು ಗ್ರಾಮಫೋನಿನ ಮುಚ್ಚಳ ತೆರೆದು ತೋರಿಸಿದಳು. ಮುಳ್ಳು ಸಿಕ್ಕಿಸುವ ಗುಂಡನೆಯ ಡಬ್ಬಿಯೇ ಇಲ್ಲ! "ಅಪ್ಪ ಅದನ್ನ ಬಿಚ್ಚಿ ಊಟದ್ ಕ್ಯಾರಿಯರ್ ಜತೆ ಆಫೀಸಿಗೆ ತಕ್ಕೊಂಡೋಯ್ತಾರೆ ಕಣೇ" ಎಂದಳು. ಬಂಗಾರ ಕದಿಯಬಾರದೆಂದು ಗಣಿಯ ಗೇಟಿನಲ್ಲಿ ಕೂಲಿಗಳ ತಲೆಗೂದಲನ್ನೂ ತಡಕುತ್ತಿದ್ದ ಊರು ಅದು. ಅಲ್ಲಿ ಕೆಲಸ ಮಾಡಿದವರಿಗೆ ಕಾವಲು ಹೇಳಿಕೊಡಬೇಕೇ?

ಒಂದು ಭಾನುವಾರ ಮಾತ್ರ ಅವರ ಲೆಕ್ಕ ತಪ್ಪಿತು. ಸಾವೇರಿ ಮುಗಿಯುತ್ತಿತ್ತು, ಕೈ ಇನ್ನೇನು ಮೇಲೇಳಬೇಕು, ಏರ್‌ಬ್ಲಾಸ್ಟ್ ಆಯಿತು. ನೆಲ ಗುಡುಗಿತು, ಗೂಡಿನಿಂದ ಲೋಟಗಳು ಬಿದ್ದವು, ಮಾವನ ಕೈ ತಡವರಿಸಿತು. ಆ ಎರಡು ಕ್ಷಣದಲ್ಲಿ ಕೊಳವೆಯಿಂದ ಒಬ್ಬ ಹೆಂಗಸು ಏದುಸಿರು ಬಿಟ್ಟು ಸಣ್ಣಗೆ ನಕ್ಕಿದ್ದು ಕೇಳಿಸಿತು. ಕಷ್ಟದ ಕೆಲಸವೊಂದನ್ನು ಮುಗಿಸಿದವರ ನಗು. ಅಷ್ಟರಲ್ಲಿ ಮಾವ ಮುಳ್ಳು ಎತ್ತಿದರು. ಅವರ ಮುಖ ಬಿಳಿಚಿತ್ತು. ಕೆಳಗೆ ಗಣಿಯಲ್ಲಿ ಯಾರಿಗೆ ಏನಾಯಿತೋ ಎಂದು ಲೈನಿನವರೆಲ್ಲ ಹೊರಗೆ ಓಡಿದರೆ, ಅವರು ಪ್ಲೇಟನ್ನು ಎದೆಗವಚಿಕೊಂಡು ಕೂತೇ ಇದ್ದರು. ಏರ್‌ಬ್ಲಾಸ್ಟಿಗೆ ಹೆದರಿದರು ಎಂದುಕೊಂಡೆ. ನಾನೆಂಥ ಪೆದ್ದಿ.

ಆ ಪದವನ್ನು ನಾನು ಕೇಳಿ ಕೇಳಿಯೇ ಕಲಿತೆ. ಅದೇ ಎತ್ತರದ ಶ್ರುತಿಯಲ್ಲಿ, ಅವಳು ಉಸಿರು ತೆಗೆದುಕೊಂಡ ಜಾಗದಲ್ಲೇ ಉಸಿರು ತೆಗೆದುಕೊಂಡು. ಮಾವ ಒಂದು ಸಂಗತಿಗೆ ನನ್ನಿಂದ ಇಪ್ಪತ್ತು ಸಲ ಹಾಡಿಸಿದ್ದುಂಟು. ದಸರೆಗೆ ಬಂಗಾರಪೇಟೆಯಲ್ಲಿ ಒಂದು ಸಂಘದವರು ಹಾಡಿನ ಸ್ಪರ್ಧೆ ಇಟ್ಟಿದ್ದಾರೆ ಎಂದು ಸುದ್ದಿ ತಂದವರೂ ಅವರೇ. "ಸಾವೇರೀನೇ ಆಡು. ಸಭೇಲಿ ಒಂದ್ಸಲ ಕೇಳ್ಬೇಕು ನಾನು" ಎಂದರು.

ನನಗೆ ಒಂದೇ ಚಿಂತೆ. ಅಲ್ಲಿ ಹಾಡುವುದಕ್ಕೆ ಮುಂಚೆ ಗುರುಗಳ ಹೆಸರು ಹೇಳಬೇಕಿತ್ತು. ಗುರುವನ್ನು ನೆನೆಯದೆ ಬಾಯಿ ತೆರೆಯುವಂತಿಲ್ಲ. "ನನ್ ಗುರು ಆ ಪ್ಲೇಟ್‌ನಾಗಿರೋ ಅಮ್ಮ. ಅವ್ರ ಎಸ್ರು ಏಳ್ದೆ ಎಂಗ್ ಆಡ್ಲಿ ಮಾವ?" ಎಂದು ಕಾಡಿದೆ, ಬೇಡಿದೆ. ಅವರು ಮುಳ್ಳಿನ ಡಬ್ಬಿಯನ್ನು ಕೆದಕುತ್ತಾ, "ಯಾರೋ ಒಬ್ಳು ಪುಣ್ಯಾತ್ಗಿತ್ತಿ ಅನ್ನು" ಎಂದರು.

ಸ್ಪರ್ಧೆಯ ದಿನ ಅವರೂ ಅಮೃತವಲ್ಲಿಯೂ ನಮ್ಮ ಜೊತೆಗೇ ರೈಲಿನಲ್ಲಿ ಬಂದರು. ಒಂದು ಶಾಲೆಯ ಹಾಲು. ಮಾವ ಮೊದಲ ಸಾಲಿನ ತುದಿಯಲ್ಲಿ, ಇಸ್ತ್ರಿ ಮಾಡಿದ ಕೋಟು ಹಾಕಿಕೊಂಡು ಕೂತಿದ್ದರು. ಅವರ ಹಿಂದಿನ ಸಾಲಿನಲ್ಲಿ ಮುಳಬಾಗಿಲಿನ ಒಂದು ಸಂಸಾರ. ವಾರದ ಹಿಂದೆಯಷ್ಟೇ ಅಮೃತವಲ್ಲಿಯನ್ನು ನೋಡಿಕೊಂಡು ಹೋಗಿದ್ದ ಗಂಡಿನ ಕಡೆಯವರು. ನನ್ನ ಸರದಿ ಬಂತು. ತೀರ್ಪುಗಾರರಾಗಿ ಬಂದಿದ್ದ ವಿದ್ವಾಂಸರು ಯಾವ ಹಾಡು ಎಂದು ಕೇಳಿದರು. ಹೇಳಿದೆ. ಅವರ ಹುಬ್ಬು ಮೇಲೆ ಹೋಯಿತು.

"ಯಾರ ಹತ್ತಿರ ಪಾಠ?"

"ಪ್ಲೇಟ್ ಕೇಳಿ ಕಲಿತದ್ದು, ಸ್ವಾಮಿ."

"ಪ್ಲೇಟಿನಲ್ಲಿ ಹಾಡಿರುವವರು ಯಾರು?"

ನಾನು ಮಾವನ ಕಡೆ ನೋಡಿದೆ. ಅವರು ಗಡಿಯಾರ ನೋಡಿಕೊಳ್ಳುತ್ತಿದ್ದರು.

"ಗೊತ್ತಿಲ್ಲ" ಎಂದೆ. ಸಭೆಯಲ್ಲಿ ಕಿಸಕ್ಕೆಂದು ನಗು. ವಿದ್ವಾಂಸರು ಪಕ್ಕದವರಿಗೆ ಹೇಳುವಂತೆ, ಆದರೆ ಎಲ್ಲರಿಗೂ ಕೇಳುವಂತೆ ಹೇಳಿದರು: "ಸಭೆಯಲ್ಲಿ ಕುಣಿಯುವ ಹೆಂಗಸರ ಪದ ಇದು. ಹಾಡಿದವಳಿಗೇ ಹೆಸರು ಹೇಳಿಕೊಳ್ಳಲು ನಾಚಿಕೆಯಾಗಿರಬೇಕು. ಮನೆಸ್ಥರ ಮಕ್ಕಳಿಗೆ ಇದೆಲ್ಲ ಯಾಕೆ? ಇಳಿಯಮ್ಮ, ಮುಂದಿನವರು ಬರಲಿ."

ಒಂದು ಸ್ವರವನ್ನೂ ಹಾಡದೆ ಇಳಿದೆ. ಮಾವ ಗಡಿಯಾರದಿಂದ ಕಣ್ಣೆತ್ತಲಿಲ್ಲ. ಒಂದು ಮಾತು, ಒಂದೇ ಒಂದು ಮಾತು ಎದ್ದು ನಿಂತು ಹೇಳಿದ್ದರೆ...

ಊರಿಗಾಂಗೆ ವಾಪಸು ಬರುವ ರೈಲಿನಲ್ಲಿ ಎಲ್ಲರ ಎದುರಿಗೇ ಕೇಳಿಬಿಟ್ಟೆ. "ನಿಮ್ಗೆ ಗೊತ್ತು ಮಾವ. ಗೊತ್ತಿದ್ದೂ ಸುಮ್ನೆ ಕೂತ್ರಿ. ಯಾಕೆ?"

ಅವರು ಕಿಟಕಿಯ ಆಚೆ ನೋಡುತ್ತಾ, "ಏಳಿದ್ರೆ ನಿಂಗೇನ್ ಸಿಗ್ತಿತ್ತು ಅಮ್ಮಣ್ಣೀ, ಒಂದು ಬೆಳ್ಳಿ ಲೋಟ" ಎಂದರು.

ಅಷ್ಟೇ. ಅಂದಿನಿಂದ ನಾನು ಅವರ ಚಾಪೆ ತುಳಿಯಲಿಲ್ಲ. ಭಾನುವಾರ ಮಧ್ಯಾಹ್ನ ಗೋಡೆಯಾಚೆ ಪ್ಲೇಟು ಹಾಕಿದರೆ ನಾನು ಈಚೆ ರುಬ್ಬುವ ಕಲ್ಲಿಗೆ ಕೂರುತ್ತಿದ್ದೆ, ಕೇಳಿಸದಿರಲಿ ಎಂದು. ಹಾಡುವುದನ್ನೂ ಬಿಟ್ಟೆ. ಅವರಿಗೆ ಬುದ್ಧಿ ಬರಲಿ ಎಂದು ಬಿಟ್ಟದ್ದು. ಬಾವಿಯ ಮೇಲಿನ ಕೋಪಕ್ಕೆ ನೀರು ಕುಡಿಯುವುದನ್ನೇ ಬಿಟ್ಟೆ. ಎರಡು ಮೂರು ಸಲ ಅವರು ಬಾಗಿಲಲ್ಲಿ ನಿಂತು, "ಅಮ್ಮಣ್ಣೀ, ಆ ಸಾವೇರಿ ಒಂದ್ಸಲ..." ಎಂದು ಶುರುಮಾಡಿ ವಾಪಸು ಹೋದದ್ದುಂಟು. ನಾನು ತಿರುಗಿ ನೋಡಲಿಲ್ಲ. ಆ ವರ್ಷವೇ ಅಮೃತವಲ್ಲಿಗೆ ಮುಳಬಾಗಿಲಿನ ಗಂಡಿನೊಂದಿಗೆ ಮದುವೆಯಾಯಿತು. ಮರುವರ್ಷ ನಾನು ಮದುವೆಯಾಗಿ ಬಂಗಾರಪೇಟೆಗೆ ಬಂದೆ.

ನಾಲ್ಕೈದು ವರ್ಷ ಕಳೆದಿರಬಹುದು, ಒಂದು ದಿನ ಅಮೃತವಲ್ಲಿ ನಮ್ಮ ಮನೆಗೆ ಬಂದಳು. ಕಂಕುಳಲ್ಲಿ ಮಗು, ಕೈಯಲ್ಲಿ ಹಳೇ ಟವೆಲಿನಲ್ಲಿ ಸುತ್ತಿದ ಪ್ಲೇಟು, ಮುಳ್ಳಿನ ಡಬ್ಬಿ. ಮಾವ ಹೋಗಿ ತಿಂಗಳಾಗಿತ್ತು. ನನಗೆ ಯಾರೂ ತಿಳಿಸಿರಲಿಲ್ಲ. ತಿಳಿಸುವಷ್ಟು ಹತ್ತಿರದವಳಾಗಿ ನಾನು ಉಳಿದಿರಲಿಲ್ಲವಲ್ಲ.

"ಇದನ್ನ ನಿಂಗೇ ಕೊಡ್ಬೇಕು ಅಂದಿದ್ರು. ಕೊನೇಗಂಟ ಆಕು ಅಂತ ಏಳು ಅಂದ್ರು. ಅದೇನೋ ನಂಗೆ ಗೊತ್ತಿಲ್ಲ ಕಣೇ" ಎಂದಳು.

ಹಾಕಲು ನನ್ನ ಹತ್ತಿರ ಗ್ರಾಮಫೋನಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ ಸಿಟ್ಟಿತ್ತು. ಇಷ್ಟು ದಿನ ಆಟವಾಡಿಸಿ ಈಗ ಕೊನೆಯವರೆಗೆ ಹಾಕಬೇಕಂತೆ! ಪೆಟ್ಟಿಗೆಯ ತಳಕ್ಕೆ ತಳ್ಳಿದೆ. ಅರವತ್ತರ ದಶಕ ಮುಗಿಯುತ್ತಾ ಬಂದಾಗ ಒಂದು ದಿನ ತಡೆಯಲಾರದೆ, ಸ್ಟೇಷನ್ ರಸ್ತೆಯ ಮೈಕ್‌ಸೆಟ್ ಅಂಗಡಿಗೆ ಅದನ್ನು ತೆಗೆದುಕೊಂಡು ಹೋದೆ. ಮದುವೆ, ನಾಮಕರಣಕ್ಕೆ ಹಾಡು ಹಾಕುವ ಅಂಗಡಿ. ಬೆಳಗಿನ ಹೊತ್ತು, ರಸ್ತೆ ತುಂಬ ಜನ, ತರಕಾರಿ ಗಾಡಿ, ರೈಲಿಗೆ ಓಡುವವರು. ಅಂಗಡಿಯವನು ಪ್ಲೇಟನ್ನು ತಿರುಗಿಸಿ ನೋಡಿ, "ಇದ್ರಾಗೆ ಏನೂ ಉಳ್ದಿಲ್ಲ ಅಕ್ಕಾ" ಎಂದುಕೊಂಡೇ ಹಾಕಿದ.

ನಿಜ, ಏನೂ ಉಳಿದಿರಲಿಲ್ಲ. ಎಷ್ಟೋ ವರ್ಷ ಉಕ್ಕಿನ ಮುಳ್ಳು, ಆಮೇಲೆ ಜಾಲಿ ಮುಳ್ಳು, ಕೊನೆಗೆ ನಾನು ಹೋಗದ ಭಾನುವಾರಗಳಲ್ಲಿ ಮಾವ ಇದೊಂದನ್ನೇ ಎಷ್ಟು ಸಲ ಹಾಕಿಕೊಂಡಿದ್ದರೋ... ಗೆರೆಗಳು ಸವೆದು ಬೂದಿಬಣ್ಣವಾಗಿದ್ದವು. ಮೂರು ನಿಮಿಷ ಬರೀ ಗೊರಗೊರ. ಕಿವಿಯಿಂದ ಅದನ್ನು ಆಚೆ ಕಳುಹಿಸಿದರೂ ಒಳಗೆ ಬಂದವರು ಯಾರೂ ಇಲ್ಲ. ಸಾಕು ನಿಲ್ಲಿಸಪ್ಪ ಎನ್ನಬೇಕು, ಅಷ್ಟರಲ್ಲಿ ಏದುಸಿರಿನ ಆ ನಗು ಕೇಳಿಸಿತು. ಅದರ ಹಿಂದೆಯೇ ಒಂದು ಹೆಣ್ಣು ದನಿ. ಮುಳ್ಳು ಎಂದೂ ತುಳಿಯದ ಜಾಗ, ನಿನ್ನೆ ಗೆರೆ ಹಾಕಿದಷ್ಟು ಹೊಸದು. "ನನ್ನ ಹೆಸರು ಅಮೃತವಲ್ಲಿ. ನನ್ನ ಊರು ಬೇತಮಂಗಲ." ಒಂದಿಷ್ಟೂ ನಾಚಿಕೆಯಿಲ್ಲದ, ಗಟ್ಟಿ ದನಿ.

ಅಂಗಡಿಯವನ ಹಾರ್ನು ಹೊರಗೆ ರಸ್ತೆಯ ಕಡೆಗೆ ಕಟ್ಟಿತ್ತು. ಆ ಮನುಷ್ಯ ಆಯುಷ್ಯವಿಡೀ ಮುಚ್ಚಿಟ್ಟ ಹೆಸರು ಬಂಗಾರಪೇಟೆಯ ಸ್ಟೇಷನ್ ರಸ್ತೆಗೆಲ್ಲ ಕೇಳಿತು. ಯಾರೂ ತಿರುಗಿ ನೋಡಲಿಲ್ಲ. ತರಕಾರಿಯವನು ತರಕಾರಿ ತೂಗುತ್ತಲೇ ಇದ್ದ.

ಹಾಡಿದವಳು ಅವರ ತಾಯಿ, ವಲ್ಲಿಯ ಕೊರಳಿಗೆ ಹೆಸರು ಬಿದ್ದ ಆ ಅಜ್ಜಿ. ಅವರು ಒಂದು ಹೆಸರು ಮುಚ್ಚಲು ಮೂವತ್ತು ಪ್ಲೇಟಿನ ಕೊನೆಯಲ್ಲಿ ಹೇಳಿದ ಹೆಸರುಗಳನ್ನೂ ನುಂಗಿದ್ದರು. ಸಭೆಯಲ್ಲಿ ವಿದ್ವಾಂಸರು ಆಡಿದ ಮಾತನ್ನು ತಾಯಿಯ ಬಗ್ಗೆಯೇ ಎಂದು ತಿಳಿದೂ ಕೇಳಿಸಿಕೊಂಡು ಕೂತಿದ್ದರು, ಹಿಂದಿನ ಸಾಲಿನಲ್ಲಿ ಮಗಳ ಮದುವೆ ಕೂತಿತ್ತು. ನನಗೆ ಇದೆಲ್ಲ ಅರ್ಥವಾಗುತ್ತದೆ. ಅರ್ಥವಾದರೂ ಸಿಟ್ಟು ಇಳಿಯುವುದಿಲ್ಲ. ನನ್ನ ಕಿವಿಯಲ್ಲಿ ಒಂದು ಸಲ ಹೇಳಿದ್ದರೆ ನಾನು ಡಂಗುರ ಹೊಡೆಯುತ್ತಿದ್ದೆನೇ, ಮಾವ? ಅಷ್ಟೂ ನಂಬಿಕೆ ಇರಲಿಲ್ಲವೇ? ಅಮೃತವಲ್ಲಿಗೆ ಇಂದಿಗೂ ನಾನು ಹೇಳಿಲ್ಲ. ಮೊದಲು ಅವಳ ಗಂಡನ ಮನೆಯವರ ಭಯ. ಆಮೇಲೆ, ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಅವಳು ಕೇಳಿಯಾಳೆಂಬ ಭಯ. ಹೀಗೆ ನಾನೂ ಮುಳ್ಳು ಎತ್ತುವವಳೇ ಆದೆ.

ಮೊನ್ನೆ ಕೆರೆ ಏರಿಯ ಮೇಲೆ, ಕೈಯಲ್ಲಿ ಆ ಮುಳ್ಳು ಇರುವಾಗಲೇ ಸಾವೇರಿಯನ್ನು ಗುನುಗಲು ನೋಡಿದೆ. ಪಲ್ಲವಿ ಬಂತು, ತಡವರಿಸಿಕೊಂಡು. ಅನುಪಲ್ಲವಿಯ ಮೊದಲ ಮಾತು ಬಂತು. ಮೇಲಿನ ಷಡ್ಜಕ್ಕೆ ಮುಂಚೆ ಮುಖವನ್ನು ಎಡಕ್ಕೆ ತಿರುಗಿಸಬೇಕು ಎನ್ನುವುದು ನೆನಪಿದೆ, ತಿರುಗಿಸಿದೆ ಕೂಡ. ಆದರೆ ತಿರುಗಿಸಿ ಏನು ಹಾಡಬೇಕು ಎನ್ನುವುದು... ಇಲ್ಲ. ಆ ಪದವನ್ನು ಅವಳು ಹಾಡಿದ ಹಾಗೆ ಹಾಡುತ್ತಿದ್ದ ಗಂಟಲು ಇನ್ನೊಂದೇ ಒಂದಿತ್ತು, ಅದು ನನ್ನದು. ಅದನ್ನು ನಾನು ಹಟಕ್ಕೆ ಬಿದ್ದು ಮುಚ್ಚಿಕೊಂಡೆ. ಬಾಗಿಲಲ್ಲಿ ನಿಂತು "ಒಂದ್ಸಲ" ಎಂದು ಕೇಳಿದವರಿಗೆ ಬೆನ್ನು ತೋರಿಸಿದೆ.

ಆ ವಿದ್ವಾಂಸರು ಈಗ ಎದುರು ಬಂದು ಗುರುಗಳ ಹೆಸರೇನಮ್ಮ ಎಂದರೆ ಊರೊಂದಿಗೆ, ಪೂರ್ತಿಯಾಗಿ, ಗಟ್ಟಿಯಾಗಿ ಹೇಳುತ್ತೇನೆ. ಸರಿ, ಹಾಡು ಎಂದರೆ ಮಾತ್ರ...